ಟೆಕ್‌ನ ಮೇರಿ

ಟೆಕ್‌ನ ಮೇರಿ (26 ಮೇ 1867 – 24 ಮಾರ್ಚ್ 1953) ಬ್ರಿಟನ್ನಿನ ದೊರೆ ಐದನೇ ಜಾರ್ಜ್ ಅವರ ಪತ್ನಿ. 1910ರಿಂದ 1936ರವರೆಗೆ ಬ್ರಿಟನ್ನಿನ ರಾಣಿಯೂ ಭಾರತದ ಸಾಮ್ರಾಜ್ಞಿಯೂ ಆಗಿದ್ದರು. ಎಂಟನೇ ಎಡ್ವರ್ಡ್ ಮತ್ತು ಆರನೇ ಜಾರ್ಜ್ ಇವರ ಮಕ್ಕಳು. ಎರಡನೇ ಎಲಿಜಬೆತ್ ಮೊಮ್ಮಗಳು. ಬ್ರಿಟಿಷ್ ರಾಜಮನೆತನದವರು ಇಂದಿಗೂ ಧರಿಸುವ ಪ್ರಸಿದ್ಧ ಟಿಯಾರಾಗಳಲ್ಲಿ (ಮುಂದಲೆಯ ಮೇಲೆ ಧರಿಸುವ, ರತ್ನಖಚಿತ ಶಿರೋಭೂಷಣ) ಹಲವು ಇವರ ಕಾಲದಲ್ಲಿ ರಚನೆಗೊಂಡವು ಅಥವಾ ಇವರ ಅಪೇಕ್ಷೆಯಂತೆ ರೂಪ ಬದಲಿಸಿಕೊಂಡವು.

ಜನನ ಮತ್ತು ಬಾಲ್ಯ

ಮೇರಿ ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ ಜನಿಸಿದರು. ಮೇ ತಿಂಗಳಲ್ಲಿ ಹುಟ್ಟಿದ್ದರಿಂದ ಮನೆಯವರು ಇವರನ್ನು ಮೇ ಎಂದೇ ಕರೆಯುತ್ತಿದ್ದರು. ತಾಯಿ ಕೇಂಬ್ರಿಜ್‌ನ ಮೇರಿ ಅಡಿಲೇಡ್, ಮೂರನೇ ಜಾರ್ಜ್ ದೊರೆಯ ಮೊಮ್ಮಗಳು. ತಂದೆ ಟೆಕ್‌ನ ಡ್ಯೂಕ್ ಫ್ರಾನ್ಸಿಸ್ ಜರ್ಮನಿಯ ವುರ್ಟೆಂಬರ್ಗ್ ರಾಜವಂಶಕ್ಕೆ ಸೇರಿದವರು. ಆದರೆ ಅವರ ತಂದೆಯ ವಿವಾಹವು ಅಸಮಾನ ಅಂತಸ್ತಿನದೆಂದು ಪರಿಗಣಿತವಾದುದರಿಂದ ಸಿಂಹಾಸನದ ಮೇಲೆ ಹಕ್ಕಿರಲಿಲ್ಲ. ಕುಟುಂಬಕ್ಕೆ ಅಂತಸ್ತಿತ್ತು, ಹಣವಿರಲಿಲ್ಲ. ಸಾಲ ಹೆಚ್ಚಾಗಿ 1883ರಲ್ಲಿ ದಂಪತಿಗಳು ಮಕ್ಕಳೊಡನೆ ದೇಶ ಬಿಟ್ಟರು. ಕೆಲಕಾಲ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ವಾಸವಾಗಿದ್ದು 1885ರಲ್ಲಿ ಹಿಂದಿರುಗಿದರು. ಅಲ್ಲಿನ ಚಿತ್ರಶಾಲೆಗಳು ಮತ್ತು ಚರ್ಚುಗಳ ಪರಿಚಯ ಮೇರಿಯವರಲ್ಲಿ ಕಲಾವಸ್ತುಗಳ ಬಗೆಗೆ ಆಸಕ್ತಿಯನ್ನು ಬೆಳೆಸಿತು.

ವಿವಾಹ

1891ರ ಡಿಸೆಂಬರ್‌ನಲ್ಲಿ ಮೇರಿಯವರಿಗೆ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್‌ನೊಡನೆ ನಿಶ್ಚಿತಾರ್ಥವಾಯಿತು. ಆರು ವಾರಗಳೊಳಗೆ, 1892ರ ಜನವರಿ 14ರಂದು, ಆತ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡನು. ಮರುವರ್ಷ ಆತನ ತಮ್ಮ ಜಾರ್ಜ್‌ರೊಡನೆ ನಿಶ್ಚಿತಾರ್ಥವಾಗಿ 1893ರ ಜುಲೈ 6ರಂದು ಸೇಂಟ್ ಜೇಮ್ಸ್ ಅರಮನೆಯಲ್ಲಿ ವಿವಾಹ ನೆರವೇರಿತು. ದಂಪತಿಗಳಿಗೆ ಐವರು ಗಂಡುಮಕ್ಕಳು, ಒಬ್ಬ ಮಗಳು. ಕಿರಿಯ ಮಗ ಜಾನ್ ಮೂರ್ಛೆರೋಗದಿಂದ ಬಳಲಿ 1919ರಲ್ಲಿ, 13ನೇ ವಯಸ್ಸಿನಲ್ಲಿ ನಿಧನನಾದನು.

1905–06ರ ಭಾರತ ಪ್ರವಾಸದಲ್ಲಿ ದಂಪತಿಗಳು ಮೈಸೂರು ಸಂಸ್ಥಾನಕ್ಕೂ ಭೇಟಿ ನೀಡಿದ್ದರು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ವಿಕ್ಟೋರಿಯಾ ಪ್ರತಿಮೆಯನ್ನು 1906ರ ಫೆಬ್ರವರಿಯಲ್ಲಿ ಅನಾವರಣ ಮಾಡಿದವರು ಜಾರ್ಜ್ ಅವರೇ.

ಟಿಯಾರಾಗಳ ಮರುವಿನ್ಯಾಸ

ವಂಶದ ಆಭರಣವನ್ನು ಬಂದ ರೂಪದಲ್ಲಿಯೇ ಮುಂದಿನ ಪೀಳಿಗೆಗೆ ದಾಟಿಸುವುದು ಮೇರಿಯವರ ಕ್ರಮವಾಗಿರಲಿಲ್ಲ. ಕಲ್ಲುಗಳನ್ನು ಕಳಚಿಸಿ, ಹೊಸ ಚೌಕಟ್ಟಿನಲ್ಲಿ ಕೂರಿಸಿ, ಅಗತ್ಯವಿದ್ದರೆ ಮತ್ತೆ ಬಿಚ್ಚಿಸುತ್ತಿದ್ದರು. ಈ ಕೆಲಸಗಳಲ್ಲಿ ಹೆಚ್ಚಿನವು ಲಂಡನ್ನಿನ ಗ್ಯಾರಾರ್ಡ್ ಸಂಸ್ಥೆಯ ಮೂಲಕ ನಡೆದವು.

ಮದುವೆಗೆ ಬಂದ ಉಡುಗೊರೆಗಳಲ್ಲಿ ಗ್ರೇಟ್ ಬ್ರಿಟನ್ ಮತ್ತು ಐರ್ಲೆಂಡಿನ ಹೆಣ್ಣುಮಕ್ಕಳು ಚಂದಾ ಕೂಡಿಸಿ ನೀಡಿದ ಟಿಯಾರಾ ಮುಖ್ಯವಾದುದು. ಅದೇ ಜೂನ್‌ನಲ್ಲಿ ವಿಕ್ಟೋರಿಯಾ ಎಂಬ ಯುದ್ಧನೌಕೆ ಮುಳುಗಿ ಮುನ್ನೂರೈವತ್ತಕ್ಕೂ ಹೆಚ್ಚು ನಾವಿಕರು ಸತ್ತಿದ್ದರು. ಉಳಿದ ಚಂದಾ ಹಣವನ್ನು ಅವರ ಕುಟುಂಬಗಳ ನೆರವಿಗೆ ನೀಡಲಾಯಿತು. ಈ ಟಿಯಾರಾದ ತುದಿಗಳಲ್ಲಿ ಮೊದಲು ಮುತ್ತುಗಳಿದ್ದವು. 1914ರಲ್ಲಿ ಮೇರಿ ಅವುಗಳನ್ನು ತೆಗೆಸಿ 13 ವಜ್ರಗಳನ್ನು ಕೂರಿಸಿದರು. ಕೆಳಗಿನ ಪಟ್ಟಿಯನ್ನೂ ಮುಂದೆ ಬೇರ್ಪಡಿಸಲಾಯಿತು.

ಅದೇ ಕಾಲದಲ್ಲಿ ಸಿದ್ಧವಾದ ಪ್ರೇಮಗಂಟಿನ ಟಿಯಾರಾ ಬೇರೆ ಬಗೆಯದು. ಅಜ್ಜಿ ಹೆಸ್ಸೆ-ಕಾಸೆಲ್‌ನ ಆಗಸ್ಟಾ ಧರಿಸುತ್ತಿದ್ದ ಟಿಯಾರಾ ಮೇರಿಯವರ ಪಾಲಿಗೆ ಬಂದಿರಲಿಲ್ಲ. ಅದರ ಮಾದರಿಯಲ್ಲಿ, ತಮ್ಮಲ್ಲಿದ್ದ ಮುತ್ತು ವಜ್ರಗಳನ್ನೇ ಬಳಸಿ ಇನ್ನೊಂದನ್ನು ಮಾಡಿಸಿಕೊಂಡರು. ವಜ್ರದ ಗಂಟುಗಳ ಕೆಳಗೆ ಮುತ್ತುಗಳು ತೂಗಾಡುವ ಈ ಟಿಯಾರಾದ ಮೇಲ್ತುದಿಯಲ್ಲಿಯೂ ಮುತ್ತುಗಳಿದ್ದವು. ಅವುಗಳನ್ನೂ ನಂತರ ತೆಗೆಸಿದರು.

ಕೇಂಬ್ರಿಜ್ ಪಚ್ಚೆಗಳ ಕಥೆ ಇವೆಲ್ಲಕ್ಕಿಂತ ಸ್ವಾರಸ್ಯಕರ. ಆಗಸ್ಟಾ ಈ ಪಚ್ಚೆಗಳನ್ನು ಫ್ರಾಂಕ್‌ಫರ್ಟ್‌ನ ಲಾಟರಿಯೊಂದರಲ್ಲಿ ಗೆದ್ದಿದ್ದರು. ಕೊನೆಗೆ ಅವು ಮೇರಿಯವರ ಸಹೋದರ ಫ್ರಾನ್ಸಿಸ್‌ನ ಕೈಸೇರಿದವು. 1910ರಲ್ಲಿ ಆತ ಅವಿವಾಹಿತನಾಗಿ ಸತ್ತಾಗ ಪಚ್ಚೆಗಳು ಉಯಿಲಿನ ಮೂಲಕ ಆತನ ಪ್ರೇಯಸಿಗೆ ಸೇರಿದವು. ಪಟ್ಟಾಭಿಷೇಕ ಹತ್ತಿರವಿತ್ತು, ಮೇರಿ ಅವುಗಳನ್ನು ಆಕೆಯಿಂದ ಮರಳಿ ಪಡೆದರು, ಉಯಿಲನ್ನು ನ್ಯಾಯಾಲಯದ ಆದೇಶದಿಂದ ಗೋಪ್ಯವಾಗಿರಿಸಲಾಯಿತು. ಬ್ರಿಟಿಷ್ ರಾಜಮನೆತನದವರ ಉಯಿಲುಗಳನ್ನು ಬಹಿರಂಗಪಡಿಸದಿರುವ ಪದ್ಧತಿ ಆರಂಭವಾದದ್ದು ಇಲ್ಲಿಂದ.

1911ರ ಡಿಸೆಂಬರ್ 12ರ ದೆಹಲಿ ದರ್ಬಾರಿನಲ್ಲಿ ಮೇರಿ ಧರಿಸಿದ ಎತ್ತರವಾದ ಟಿಯಾರಾದ ಮೇಲ್ತುದಿಯಲ್ಲಿ ಹೊಳೆದದ್ದು ಈ ಪಚ್ಚೆಗಳೇ. ಮರುವರ್ಷವೇ ಆ ಟಿಯಾರಾವನ್ನು ಕಲಿನನ್ ವಜ್ರದ ಎರಡು ತುಂಡುಗಳನ್ನು (94.4 ಮತ್ತು 63.6 ಕ್ಯಾರಟ್) ಕೂರಿಸಲು ಅನುವಾಗುವಂತೆ ಮಾರ್ಪಡಿಸಲಾಯಿತು. ಪಚ್ಚೆಗಳು ಕ್ರಮೇಣ ಅಲ್ಲಿಂದ ಹೊರಬಂದವು.

ಅವುಗಳಿಗೆ ಮುಂದೆ ನೆಲೆಯಾದದ್ದು ರಷ್ಯಾದ ಒಂದು ಟಿಯಾರಾ. ಒಂದರೊಳಗೊಂದು ಹೆಣೆದ ವಜ್ರದ ವೃತ್ತಗಳಲ್ಲಿ ಮುತ್ತುಗಳು ತೂಗುವ ಈ ಆಭರಣ ಗ್ರ್ಯಾಂಡ್ ಡಚೆಸ್ ಮರಿಯಾ ಪಾವ್ಲೋವ್ನಾ ಅವರದು. 1917ರ ಕ್ರಾಂತಿಯ ಕಾಲದಲ್ಲಿ ಪೆಟ್ರೊಗ್ರಾಡ್‌ನ ವ್ಲಾದಿಮಿರ್ ಅರಮನೆಯಲ್ಲಿ ಉಳಿದುಹೋಗಿದ್ದ ಅವರ ಒಡವೆಗಳನ್ನು ಆಲ್ಬರ್ಟ್ ಸ್ಟಾಪ್‌ಫರ್ಡ್ ಎಂಬ ಬ್ರಿಟಿಷ್ ಸ್ನೇಹಿತ ಗುಟ್ಟಾಗಿ ಹೊರಗೆ ಸಾಗಿಸಿದನು. 1920ರಲ್ಲಿ ಮರಿಯಾ ತೀರಿಕೊಂಡ ಬಳಿಕ ಮಗಳು ಎಲೆನಾ ಟಿಯಾರಾವನ್ನು ಮಾರಿದರು. 1921ರಲ್ಲಿ ಮೇರಿ ಕೊಂಡರು. ದುರಸ್ತಿಯ ನಂತರ, ಮುತ್ತುಗಳ ಬದಲಿಗೆ ಕೇಂಬ್ರಿಜ್ ಪಚ್ಚೆಗಳನ್ನೂ ತೂಗಿಸಬಹುದಾದ ವ್ಯವಸ್ಥೆಯನ್ನು ಮಾಡಿಸಿದರು. ಹೀಗೆ ಜರ್ಮನಿಯ ಲಾಟರಿಯ ಕಲ್ಲುಗಳು ರಷ್ಯಾದ ಚೌಕಟ್ಟಿನಲ್ಲಿ ಬಂದು ನಿಂತವು.

ಮದುವೆಗೆ ವಿಕ್ಟೋರಿಯಾ ರಾಣಿ ಕೊಟ್ಟಿದ್ದ ವಜ್ರಾಭರಣವನ್ನೂ ಮೇರಿ ಹಾಗೆಯೇ ಉಳಿಸಲಿಲ್ಲ. 1919ರಲ್ಲಿ ಅದರ ವಜ್ರಗಳಿಂದ ಕಿರಣಗಳಂತೆ ಸಾಲಾಗಿ ನಿಲ್ಲುವ ಕಡ್ಡಿಗಳ ಟಿಯಾರಾ ಸಿದ್ಧವಾಯಿತು. ಇದನ್ನು ಕಂಠಾಭರಣವಾಗಿಯೂ ಧರಿಸಬಹುದು. 1947ರಲ್ಲಿ ಎಲಿಜಬೆತ್ ಮದುವೆಯ ದಿನ ಬೆಳಿಗ್ಗೆ ಇದನ್ನು ತೊಡುವಾಗ ಚೌಕಟ್ಟು ಮುರಿಯಿತು. ತರಾತುರಿಯಲ್ಲಿ ಬೆಸೆದು ತರಲಾಯಿತು. ಅಂದಿನ ಛಾಯಾಚಿತ್ರಗಳಲ್ಲಿ ನಡುವಿನ ಕಡ್ಡಿಯ ಪಕ್ಕದ ಸಂದು ಕಾಣಿಸುತ್ತದೆ.

1911ರ ಪಟ್ಟಾಭಿಷೇಕಕ್ಕಾಗಿ ಮಾಡಿಸಿದ ಕಿರೀಟದಲ್ಲಿಯೂ ಇದೇ ಯೋಚನೆಯಿದೆ: ಮೇಲಿನ ಕಮಾನುಗಳನ್ನು ಕಳಚಿದರೆ ಅದು ಸರಳ ಶಿರೋಪಟ್ಟಿಯಾಗುತ್ತದೆ. 1937ರಲ್ಲಿ ಮಗ ಆರನೇ ಜಾರ್ಜ್ ಅವರ ಪಟ್ಟಾಭಿಷೇಕಕ್ಕೆ ಮೇರಿ ಅದನ್ನು ಹಾಗೆಯೇ ಧರಿಸಿ ಬಂದರು. ಅಷ್ಟರಲ್ಲಿ ಅದರಲ್ಲಿದ್ದ ಕೊಹಿನೂರ್ ವಜ್ರ ಸೊಸೆಯ ಹೊಸ ಕಿರೀಟಕ್ಕೆ ಹೋಗಿತ್ತು.

ವಿಮರ್ಶೆ

ಮೇರಿ ರಾಜಮನೆತನಕ್ಕೆ ಸಂಬಂಧಿಸಿದ ವಸ್ತುಗಳನ್ನು ಹುಡುಕಿ ತರಿಸುತ್ತಿದ್ದರು, ಪಟ್ಟಿ ಮಾಡಿಸುತ್ತಿದ್ದರು. ಅಂಥವರೇ ಹಳೆಯ ಆಭರಣಗಳ ಮೂಲರೂಪವನ್ನು ಅಳಿಸಿದರೆಂಬುದು ವಿಚಿತ್ರವಾಗಿ ಕಾಣುತ್ತದೆ. ಬಿಚ್ಚಿದ ಟಿಯಾರಾಗಳಲ್ಲಿ ಕೆಲವು ಇಂದು ಚಿತ್ರಗಳಲ್ಲಿ ಮಾತ್ರ ಉಳಿದಿವೆ. ಆದರೆ ಮರುವಿನ್ಯಾಸ ಆ ಕಾಲದಲ್ಲಿ ಅಪರೂಪವೇನೂ ಆಗಿರಲಿಲ್ಲ. ಫ್ಯಾಷನ್ ಬದಲಾದಂತೆ ಶ್ರೀಮಂತ ಮನೆತನಗಳು ಕಲ್ಲುಗಳನ್ನು ಹೊಸದಾಗಿ ಕಟ್ಟಿಸುತ್ತಿದ್ದವು. ಮೇರಿಯವರ ವಿಶೇಷವೆಂದರೆ ಅದರ ಪ್ರಮಾಣ. ಪದಚ್ಯುತ ರಾಜವಂಶದ ಒಡವೆಯನ್ನು ಕೊಂಡದ್ದು ಮತ್ತು ವಸಾಹತುಗಳಿಂದ ಬಂದ ರತ್ನಗಳನ್ನು ಧರಿಸಿದ್ದು ಇಂದಿಗೂ ಚರ್ಚೆಯ ವಿಷಯಗಳು. ಕೊಹಿನೂರನ್ನು ಹಿಂದಿರುಗಿಸಬೇಕೆಂಬ ಬೇಡಿಕೆ ಭಾರತದಲ್ಲಿ ಹಲವು ಬಾರಿ ಕೇಳಿಬಂದಿದೆ.

ಕೊನೆಯ ವರ್ಷಗಳು

1936ರ ಜನವರಿಯಲ್ಲಿ ಪತಿ ನಿಧನರಾದರು. ಡಿಸೆಂಬರ್‌ನಲ್ಲಿ ಹಿರಿಯ ಮಗ ಎಡ್ವರ್ಡ್ ಸಿಂಹಾಸನ ತ್ಯಜಿಸಿದನು. ಮೇರಿ ಆ ನಿರ್ಧಾರವನ್ನು ಒಪ್ಪಲಿಲ್ಲ. ಎರಡನೇ ಮಹಾಯುದ್ಧದ ಕಾಲವನ್ನು ಬ್ಯಾಡ್ಮಿಂಟನ್ ಎಂಬ ಗ್ರಾಮದ ಬಂಗಲೆಯಲ್ಲಿ ಕಳೆದರು. 1953ರ ಮಾರ್ಚ್ 24ರಂದು ಲಂಡನ್ನಿನ ಮಾರ್ಲ್‌ಬರೊ ಹೌಸ್‌ನಲ್ಲಿ ನಿಧನರಾದರು. ಮೊಮ್ಮಗಳ ಪಟ್ಟಾಭಿಷೇಕಕ್ಕೆ ಹತ್ತು ವಾರಗಳಷ್ಟೇ ಉಳಿದಿದ್ದವು. ತಮ್ಮ ಸಾವಿನ ಕಾರಣಕ್ಕೆ ಅದನ್ನು ಮುಂದೂಡಬಾರದೆಂದು ಮೊದಲೇ ತಿಳಿಸಿದ್ದರು.

ಹೆಣ್ಣುಮಕ್ಕಳ ಟಿಯಾರಾವನ್ನು ಮೇರಿ 1947ರಲ್ಲಿಯೇ ಎಲಿಜಬೆತ್‌ರ ಮದುವೆಗೆ ಉಡುಗೊರೆಯಾಗಿ ಕೊಟ್ಟಿದ್ದರು. ಬೇರ್ಪಟ್ಟಿದ್ದ ಕೆಳಪಟ್ಟಿಯನ್ನು ಎಲಿಜಬೆತ್ 1969ರಲ್ಲಿ ಮತ್ತೆ ಅದಕ್ಕೆ ಜೋಡಿಸಿದರು. 1911ರ ಕಿರೀಟವನ್ನು 2023ರಲ್ಲಿ ರಾಣಿ ಕ್ಯಾಮಿಲಾ ತಮ್ಮ ಪಟ್ಟಾಭಿಷೇಕಕ್ಕೆ ಬಳಸಿದರು. ಅದಕ್ಕೆ ಮುನ್ನ ಎಂಟು ಅರೆಕಮಾನುಗಳಲ್ಲಿ ನಾಲ್ಕನ್ನು ತೆಗೆಯಲಾಗಿತ್ತು.