ಚಳಿಜ್ವರ ಕೆಟ್ಟ ಗಾಳಿಯಿಂದ ಬರುತ್ತದೆಯೇ? ಸೊಳ್ಳೆಯ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್ ಕಥೆ

ಮಳೆಗಾಲ ಶುರುವಾದರೆ ಸಾಕು, ನಮ್ಮ ಮೊಬೈಲುಗಳಿಗೆ ಒಂದು ಹಳೆಯ ಸಂದೇಶ ಮತ್ತೆ ಬರುತ್ತದೆ: ಡೆಂಗಿ ಸೊಳ್ಳೆ ಮೊಣಕಾಲಿಗಿಂತ ಮೇಲೆ ಹಾರುವುದಿಲ್ಲ, ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು ಎಂದು. ಇದು ಸುಳ್ಳು. ಈ ಸೊಳ್ಳೆ ಕೈ, ಕುತ್ತಿಗೆಗೂ ಕಚ್ಚುತ್ತದೆ, ಮಹಡಿ ಮನೆಗೂ ಬರುತ್ತದೆ. ಜ್ವರದ ಬಗ್ಗೆ ಇಂಥ ನಂಬಿಕೆಗಳು ಹೊಸವಲ್ಲ. 130 ವರ್ಷಗಳ ಹಿಂದೆ ದೊಡ್ಡ ದೊಡ್ಡ ವೈದ್ಯರೂ ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದೇ ನಂಬಿದ್ದರು. ಇಟಾಲಿಯನ್ ಭಾಷೆಯಲ್ಲಿ ಮಲೇರಿಯಾ ಎಂದರೆ ಕೆಟ್ಟ ಗಾಳಿ ಎಂದೇ ಅರ್ಥ. ಅದನ್ನು ಸುಳ್ಳೆಂದು ತೋರಿಸಿದವರಲ್ಲಿ ಮುಖ್ಯರಾದ ರೊನಾಲ್ಡ್ ರಾಸ್ ಅವರ ಬದುಕನ್ನು ಇಂದು ನೋಡೋಣ.

ವೈದ್ಯನಾಗಲು ಮನಸ್ಸಿರಲಿಲ್ಲ

ರಾಸ್ ಹುಟ್ಟಿದ್ದು ಭಾರತದಲ್ಲೇ, ಹಿಮಾಲಯದ ಅಲ್ಮೋರಾದಲ್ಲಿ, 1857ರ ಮೇ 13ರಂದು. ತಂದೆ ಸೇನಾಧಿಕಾರಿ. ಎಂಟನೇ ವಯಸ್ಸಿಗೆ ಓದಲು ಇಂಗ್ಲೆಂಡಿಗೆ ಹೋದ ಹುಡುಗನಿಗೆ ಕವಿತೆ, ಚಿತ್ರಕಲೆ ಎಂದರೆ ಪ್ರಾಣ. ತಂದೆಯ ಒತ್ತಾಯಕ್ಕೆ ವೈದ್ಯಕೀಯ ಓದಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಅವರು ಬೆಂಗಳೂರಿಗೆ ಬಂದರು. ವಾಸದ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಕಂಡವು. ತೊಟ್ಟಿ ಮಗುಚಿದರು, ಸೊಳ್ಳೆಯೂ ಕಡಿಮೆಯಾಯಿತು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಅವರಿಗೆ ಗೊತ್ತಿರಲಿಲ್ಲ. ಆದರೆ ಸೊಳ್ಳೆಯನ್ನು ಹುಟ್ಟುವಲ್ಲಿಯೇ ತಡೆಯಬಹುದು ಎಂಬುದು ಅಲ್ಲೇ ತಿಳಿಯಿತು.

ಎರಡು ವರ್ಷ ಬೇರೆ ಸೊಳ್ಳೆಯ ಹಿಂದೆ

ಮಲೇರಿಯಾದ ಪರಾವಲಂಬಿ ಜೀವಿಯನ್ನು ರೋಗಿಯ ರಕ್ತದಲ್ಲಿ ಫ್ರಾನ್ಸಿನ ಲಾವೆರಾನ್ 1880ರಲ್ಲೇ ಕಂಡಿದ್ದರು. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹೇಗೆ? 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು ಸೊಳ್ಳೆಯ ಮೇಲೆ ಅನುಮಾನ ವ್ಯಕ್ತಪಡಿಸಿದರು. ಆದರೆ ಸತ್ತ ಸೊಳ್ಳೆ ನೀರಿಗೆ ಬಿದ್ದು, ಆ ನೀರು ಕುಡಿದವರಿಗೆ ರೋಗ ಬರುತ್ತದೆ ಎಂಬುದು ಅವರ ಊಹೆ.

1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದು ಪರೀಕ್ಷೆ ಶುರುಮಾಡಿದರು. ಆಗ ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕೂಡ ಅದೇ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಲಿಂಗಸುಗೂರು ಆಗ ಜಿಲ್ಲಾ ಕೇಂದ್ರವೂ ಹೌದು. ಮಧ್ಯದಲ್ಲಿ ಕಾಲರಾ ತಡೆಯಲು ರಾಸ್ ಅವರನ್ನು ಮತ್ತೆ ಬೆಂಗಳೂರಿಗೆ ಕಳಿಸಲಾಯಿತು. 1897ರಲ್ಲಿ ಊಟಿಯ ಕಡೆ ಹೋದಾಗ ಅವರಿಗೇ ಮಲೇರಿಯಾ ಬಂತು.

ಆ ಎರಡು ವರ್ಷ ಅವರು ಸೀಳಿ ನೋಡಿದ್ದು ಮಲೇರಿಯಾ ಹರಡದ ಜಾತಿಯ ಸೊಳ್ಳೆಗಳನ್ನು. ಫಲಿತಾಂಶ ಸೊನ್ನೆ. ಸೆಕೆಗೆ ಬೆವರು ಸುರಿಯುತ್ತಿದ್ದರೂ ಪಂಕಾ ಹಾಕುವಂತಿರಲಿಲ್ಲ, ಸೊಳ್ಳೆಯ ಚೂರುಗಳು ಹಾರಿಹೋಗುತ್ತಿದ್ದವು. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳೇ ತುಕ್ಕು ಹಿಡಿದಿದ್ದವು.

1897ರ ಆಗಸ್ಟಿನಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಕಂದು ಸೊಳ್ಳೆಗಳು ಸಿಕ್ಕವು. ಅವೇ ಅನಾಫಿಲಿಸ್. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಸೊಳ್ಳೆಗೆ ಒಂದಾಣೆಯಂತೆ ಹಣ ಪಡೆದು ಕಚ್ಚಿಸಿಕೊಳ್ಳಲು ಒಪ್ಪಿದರು. ನಾಲ್ಕು ದಿನ ಬಿಟ್ಟು, ಆಗಸ್ಟ್ 20ರಂದು, ಆ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರಾವಲಂಬಿ ಬೆಳೆಯುತ್ತಿರುವುದು ಕಂಡಿತು. ಇಂದಿಗೂ ಆಗಸ್ಟ್ 20 ವಿಶ್ವ ಸೊಳ್ಳೆ ದಿನ.

ಅಷ್ಟರಲ್ಲಿ ಮಲೇರಿಯಾ ಅಪರೂಪವಾದ ರಜಪುತಾನದ ಖೇರ್‌ವಾಡಾಕ್ಕೆ ವರ್ಗಾವಣೆ! 1898ರಲ್ಲಿ ಕಲ್ಕತ್ತಾದಲ್ಲಿ ಕೆಲಸ ಮುಂದುವರಿಸಿ, ಹಕ್ಕಿಗಳ ಮಲೇರಿಯಾದಲ್ಲಿ ಪರಾವಲಂಬಿ ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ತಲುಪುವುದನ್ನು ತೋರಿಸಿದರು. ಅಂದರೆ ರೋಗ ಬರುವುದು ಗಾಳಿಯಿಂದಲ್ಲ, ಕುಡಿಯುವ ನೀರಿನಿಂದಲೂ ಅಲ್ಲ, ಕಡಿತದಿಂದ. ಮನುಷ್ಯರ ಮಲೇರಿಯಾದಲ್ಲೂ ಹೀಗೆಯೇ ಎಂಬುದನ್ನು ಅದೇ ವರ್ಷ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ತೋರಿಸಿದರು. ಕೀರ್ತಿ ಯಾರಿಗೆ ಸಲ್ಲಬೇಕೆಂದು ರಾಸ್ ಮತ್ತು ಗ್ರಾಸ್ಸಿ ನಡುವೆ ಬಹಳ ಕಾಲ ಜಗಳ ನಡೆಯಿತು. 1902ರ ನೊಬೆಲ್ ಬಂದಿದ್ದು ರಾಸ್‌ಗೆ. ಮುಂದೆ ದೇಶದೇಶ ಸುತ್ತಿ ಅವರು ಸಾರಿದ್ದು ಬೆಂಗಳೂರಿನ ತೊಟ್ಟಿಯ ಪಾಠವನ್ನೇ: ನಿಂತ ನೀರು ತೆಗೆಯಿರಿ. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ನಮ್ಮ ಮನೆಗೆ ಇದರಿಂದ ಏನು?

ಇಂದು ಸಿಂಧನೂರು, ಮಸ್ಕಿ ಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಭತ್ತದ ಗದ್ದೆಗಳಿವೆ. ಲಿಂಗಸುಗೂರು ಕಡೆ ನಾರಾಯಣಪುರ ಬಲದಂಡೆ ಕಾಲುವೆ ಇದೆ. ನೀರು ಬಂದಲ್ಲಿ ಸೊಳ್ಳೆಯೂ ಬರುತ್ತದೆ. ಆದರೆ ಎಲ್ಲ ಸೊಳ್ಳೆಯೂ ಒಂದೇ ಅಲ್ಲ.

• ಮಲೇರಿಯಾ ಹರಡುವ ಅನಾಫಿಲಿಸ್ ರಾತ್ರಿ ಕಚ್ಚುತ್ತದೆ. ಸೊಳ್ಳೆ ಪರದೆ ಕಟ್ಟಿ ಮಲಗಿ.

• ಡೆಂಗಿ ಹರಡುವ ಈಡಿಸ್ ಹಗಲು ಕಚ್ಚುತ್ತದೆ. ಇದು ಹುಟ್ಟುವುದು ಮನೆಯ ಹರವಿ, ಡ್ರಮ್, ಕೂಲರ್, ಹಳೆ ಟೈರಿನ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆಯ ಒಳಗೋಡೆ ತಿಕ್ಕಿ ಒಣಗಿಸಿ, ಮುಚ್ಚಿಡಿ.

• ಮೆದುಳು ಜ್ವರ ಹರಡುವ ಕ್ಯೂಲೆಕ್ಸ್ ಭತ್ತದ ಗದ್ದೆಯಲ್ಲಿ ಬೆಳೆಯುತ್ತದೆ. ಈ ರೋಗಕ್ಕೆ ನೇರ ಔಷಧಿ ಇಲ್ಲ, ಲಸಿಕೆ ಇದೆ. ರಾಯಚೂರು ಜಿಲ್ಲೆಯಲ್ಲಿ ಇದರ ಭಯ ಇರುವುದರಿಂದ, 9 ತಿಂಗಳಿಗೆ ಮತ್ತು 16ರಿಂದ 24 ತಿಂಗಳೊಳಗೆ ಮಕ್ಕಳಿಗೆ ತಪ್ಪದೆ ಹಾಕಿಸಿ.

ಚಳಿ ನಡುಗಿ ಜ್ವರ ಬಂದರೆ ಎರಡು ದಿನ ಕಾಯಬೇಡಿ. ಆಶಾ ಕಾರ್ಯಕರ್ತೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಮಲೇರಿಯಾ ಎಂದು ತಿಳಿದರೆ, ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಬೇಡಿ. ಕೆಲವು ಬಗೆಯ ಮಲೇರಿಯಾ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರ ಮರಳುತ್ತದೆ. ಡೆಂಗಿ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು.

ಕೊಬ್ಬರಿ ಎಣ್ಣೆಯ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಬದಲು ಎದ್ದು ಹೋಗಿ ಹಿತ್ತಲಿನ ಡ್ರಮ್ಮಿನಲ್ಲಿ ಒಮ್ಮೆ ಇಣುಕಿ ನೋಡಿ.