ಚೋಮನ ಮೊರೆಯನ್ನು ಕೇಳಿಸಿದ ಶಿವರಾಮ ಕಾರಂತರು

ಕೋಟ ಶಿವರಾಮ ಕಾರಂತರು 1902ನೆಯ ಇಸವಿ ಅಕ್ಟೋಬರ್ 10ರಂದು ದಕ್ಷಿಣ ಕನ್ನಡದ ಕೋಟ ಗ್ರಾಮದಲ್ಲಿ ಆಚಾರವಂತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ತರುಣ ಕಾರಂತರು ಕಾಲೇಜು ತೊರೆದು, ಖಾದಿ ಪ್ರಚಾರಕ್ಕಾಗಿ ಹಳ್ಳಿಹಳ್ಳಿ ಸುತ್ತಿದರು. ಪದವಿಯೊಂದು ಕೈತಪ್ಪಿತಾದರೂ ಊರ ಹೊರಗಿನ ಕೇರಿಗಳ ಬಾಳು ಅವರ ಕಣ್ಣಿಗೆ ಬಿತ್ತು. ಆ ಜಿಲ್ಲೆಯಲ್ಲಿ ಕುದ್ಮುಲ್ ರಂಗರಾಯರು ಅಸ್ಪೃಶ್ಯರ ಮಕ್ಕಳಿಗೆ ಅಕ್ಷರ ಕಲಿಸಲು ಹೊರಟು, ಸ್ವಜಾತಿಯವರ ತಿರಸ್ಕಾರವನ್ನು ಉಂಡು, 1928ರಲ್ಲಿ ಕಣ್ಮುಚ್ಚಿದ್ದರು.

1933ರಲ್ಲಿ ಕಾರಂತರ 'ಚೋಮನ ದುಡಿ' ಪ್ರಕಟವಾಯಿತು. ಕಿರಿದಾದ ಕಾದಂಬರಿ. ಅದರ ನಾಯಕ ಚೋಮ ಒಡೆಯರ ಜೀತದಾಳು. ಅವನ ಬಳಿ ಎರಡು ಎತ್ತುಗಳಿವೆ. ಇಲ್ಲದಿರುವುದು ಉಳಲು ನೆಲ. ಅವನು ಬೇಡುವುದು ಭಿಕ್ಷೆಯನ್ನಲ್ಲ, ದಯೆಯನ್ನೂ ಅಲ್ಲ. ಬೇಸಾಯ ಮಾಡುವ ಹಕ್ಕನ್ನು. ಒಡೆಯ ಸಂಕಪ್ಪಯ್ಯನಿಗೆ ಮನಸ್ಸಿದ್ದರೂ, ಹೊಲೆಯನಿಗೆ ನೆಲ ಕೊಡುವುದು ಪದ್ಧತಿಯಲ್ಲವೆಂದು ಅವನ ತಾಯಿ ತಡೆಯುತ್ತಾಳೆ. ಕ್ರೂರಿಯೊಬ್ಬನನ್ನು ತೋರಿಸಿ ಓದುಗನ ಸಿಟ್ಟನ್ನು ಅವನ ಮೇಲೆ ಕಳೆಯುವುದು ಸುಲಭವಿತ್ತು. ಕಾರಂತರು ಹಾಗೆ ಮಾಡಲಿಲ್ಲ. ಇಲ್ಲಿ ಅಪರಾಧಿ ಸಂಪ್ರದಾಯವೇ ಆದುದರಿಂದ ಓದುವವನೂ ಅದರಲ್ಲಿ ಪಾಲುದಾರನಾಗುತ್ತಾನೆ.

ಸಾಲ ತೀರಿಸಲು ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬನನ್ನು ಜ್ವರ ಕೊಂಡೊಯ್ಯುತ್ತದೆ, ಇನ್ನೊಬ್ಬ ಕ್ರೈಸ್ತನಾಗುತ್ತಾನೆ. ಮಗಳು ಬೆಳ್ಳಿಯ ಬಾಳೂ ಆ ತೋಟದಲ್ಲಿಯೇ ಹಾಳಾಗುತ್ತದೆ. ಹೊಳೆಯಲ್ಲಿ ಮುಳುಗುವ ಬಾಲಕ ನೀಲನನ್ನು ಮೈಲಿಗೆಯ ಭಯದಿಂದ ದಡದವರು ಎತ್ತುವುದಿಲ್ಲ. ಮತ ಬದಲಿಸಿದರೆ ನೆಲ ದೊರೆತೀತೆಂಬ ಆಸೆ ಚೋಮನಿಗೂ ಹುಟ್ಟುತ್ತದೆ. ಆದರೆ ತನ್ನ ದೈವ ಪಂಜುರ್ಲಿಯನ್ನು ತೊರೆಯಲಾರದೆ ಹಿಂದಿರುಗುತ್ತಾನೆ. ಕೊನೆಗೆ ಎತ್ತುಗಳನ್ನು ಅಟ್ಟಿ, ದುಡಿ ಬಾರಿಸುತ್ತ ಪ್ರಾಣ ಬಿಡುತ್ತಾನೆ. ಗ್ರಂಥಕರ್ತರು ಯಾವ ಸಮಾಧಾನವನ್ನೂ ಹೇಳುವುದಿಲ್ಲ.

ಅಮೆರಿಕದಲ್ಲಿ ನೀಗ್ರೋ ಗುಲಾಮರ ಸಂಕಟವನ್ನು ಕುರಿತು ಬಿಳಿಯ ಮಹಿಳೆ ಹ್ಯಾರಿಯೆಟ್ ಬೀಚರ್ ಸ್ಟೋ ಬರೆದ ಕಾದಂಬರಿ 1852ರಲ್ಲಿ ಪುಸ್ತಕವಾಗಿ ಬಂದಿತ್ತು. ಸ್ವತಃ ಕರಿಯರಾದ ರಿಚರ್ಡ್ ರೈಟ್ ಅವರ 'ನೇಟಿವ್ ಸನ್' ಬಂದದ್ದು 1940ರಲ್ಲಿ. ಕಾರಂತರೂ ಸ್ಟೋ ಅವರಂತೆ ಹೊರಗಿನವರೇ. ಚೋಮನ ಕುಲದವರು ತಮ್ಮ ಕಥೆಯನ್ನು ತಾವೇ ಕನ್ನಡದಲ್ಲಿ ಬರೆಯಲು ಇನ್ನೂ ದಶಕಗಳು ಬೇಕಾದವು. ಈ ಮಿತಿಯನ್ನು ಒಪ್ಪಿಕೊಂಡೇ ಕಾರಂತರನ್ನು ಓದುವುದು ನ್ಯಾಯ.

ಬರೆದುದನ್ನು ಅವರು ಬಾಳಿನಲ್ಲಿಯೂ ನಡೆಸಿದರು. 1936ರಲ್ಲಿ ಬಂಟ ಮನೆತನದ ಲೀಲಾ ಅವರನ್ನು ವರಿಸಿ ಜಾತಿಯ ಗೆರೆ ದಾಟಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರ ಮಕ್ಕಳ ವಿವಾಹ ಎಬ್ಬಿಸಿದ ಬಿರುಗಾಳಿಯನ್ನು ಬಲ್ಲ ಶರಣ ಪರಂಪರೆಯವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ದೇವರ ವಿಷಯದಲ್ಲಿ ಕಾರಂತರು ಸಂದೇಹವಾದಿಗಳಾಗಿದ್ದರೆಂಬುದನ್ನೂ ಮರೆಮಾಚಬೇಕಾಗಿಲ್ಲ. ಆದರೂ ಕಾಯಕತತ್ತ್ವವನ್ನು ನಂಬಿದವರಿಗೆ, ತನಗೆ ಬೇಕಾದ ಕಾಯಕವನ್ನೇ ನಿರಾಕರಿಸಲ್ಪಟ್ಟ ಚೋಮ ಪರಕೀಯನಲ್ಲ.

ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣ ಪ್ರಯೋಗ, ಯಕ್ಷಗಾನದ ಸಂಶೋಧನೆ, 'ಮರಳಿ ಮಣ್ಣಿಗೆ', 'ಬೆಟ್ಟದ ಜೀವ' ಮೊದಲಾದ ಕಾದಂಬರಿಗಳು, ವಿಶ್ವಕೋಶಗಳು, ಹೀಗೆ ಅವರ ದುಡಿಮೆ ಹರಡಿತು. 'ಮೂಕಜ್ಜಿಯ ಕನಸುಗಳು' ಕೃತಿಗೆ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಪದ್ಮಭೂಷಣವನ್ನು ಹಿಂದಿರುಗಿಸಿದ್ದರು.

ಬಿ. ವಿ. ಕಾರಂತರು 'ಚೋಮನ ದುಡಿ'ಯನ್ನು ಚಲನಚಿತ್ರವಾಗಿಸಿದರು. ಅದು 1975ರ ಸಾಲಿನ ಸ್ವರ್ಣಕಮಲವನ್ನು ಪಡೆಯಿತು, ಚೋಮನಾದ ಎಂ. ವಿ. ವಾಸುದೇವರಾಯರು ಶ್ರೇಷ್ಠ ನಟರೆನಿಸಿದರು. ಅದೇ ಹೊತ್ತಿಗೆ, 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರಿಗೆ ನೆಲ ದೊರೆಯತೊಡಗಿತ್ತು. ಚೋಮನಾದರೋ ಗೇಣಿದಾರನೂ ಅಲ್ಲ, ಬರಿಯ ಆಳು. ನೆಲವನ್ನು ಚದರಡಿಯಲ್ಲಿ ಅಳೆಯುವ ಇಂದಿನ ಬೇಗೂರಿನ ಮಕ್ಕಳಿಗೆ ಈ ವ್ಯತ್ಯಾಸವನ್ನು ಉಪಾಧ್ಯಾಯರು ಬಿಡಿಸಿ ಹೇಳಬೇಕಾದೀತು.

ಕಾರಂತರು 1997ರ ಡಿಸೆಂಬರ್ 9ರಂದು, ತೊಂಬತ್ತೈದು ವರ್ಷಗಳ ತುಂಬು ಬಾಳನ್ನು ಮುಗಿಸಿ ಮಣಿಪಾಲದಲ್ಲಿ ನಿಧನರಾದರು.