ಧ್ರುವಪ್ರಭೆಯ ಬೆನ್ನು ಹತ್ತಿದ ಬಿರ್ಕೆಲಾಂಡ್

ಸೂರ್ಯನಿಂದ ನಮಗೆ ಬರುವುದು ಬೆಳಕು ಮತ್ತು ಶಾಖ ಮಾತ್ರವಲ್ಲ. ವಿದ್ಯುತ್ ಕಣಗಳ ಪ್ರವಾಹವೊಂದು ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಸದಾ ಅಲ್ಲಿಂದ ಹೊರಬೀಳುತ್ತಿರುತ್ತದೆ. ಇದೇ ಸೌರ ಮಾರುತ. ಇಂತಹದೊಂದು ಪ್ರವಾಹವಿದೆಯೆಂದು ಬಹಳ ಮೊದಲೇ ವಾದಿಸಿದವರು ನಾರ್ವೆಯ ಕ್ರಿಸ್ಟಿಯನ್ ಬಿರ್ಕೆಲಾಂಡ್. ನಮ್ಮ ವಿದ್ಯಾರ್ಥಿಗಳಿಗೆ ಅವರ ಪರಿಚಯ ಕಡಿಮೆಯಾದರೂ, ತಾಯ್ನಾಡಿನಲ್ಲಿ 1994ರಿಂದ ಬಹಳ ವರ್ಷ 200 ಕ್ರೋನರ್ ನೋಟಿನ ಮೇಲೆ ಅವರ ಚಿತ್ರವಿತ್ತು.

1867ರಲ್ಲಿ ಇಂದಿನ ಓಸ್ಲೋ ನಗರದಲ್ಲಿ ಜನಿಸಿದ ಅವರು ಅಲ್ಲಿಯ ವಿಶ್ವವಿದ್ಯಾನಿಲಯದಲ್ಲೇ ಪ್ರಾಧ್ಯಾಪಕರಾದರು. ಉತ್ತರ ನಾರ್ವೆಯಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಹಸಿರು, ಕೆಂಪು ಬಣ್ಣದ ಧ್ರುವಪ್ರಭೆ ಆಕಾಶದಲ್ಲಿ ಪರದೆಯಂತೆ ತೂಗಾಡುತ್ತದೆ. ಆಗ ದಿಕ್ಸೂಚಿಯ ಮುಳ್ಳು ಅಲುಗಾಡುವುದೇಕೆ? ಉತ್ತರ ಹುಡುಕುತ್ತಾ 1899ರ ಚಳಿಗಾಲದಲ್ಲಿ ಅವರು ಸುಮಾರು 900 ಮೀಟರ್ ಎತ್ತರದ ಹಾಲ್ಡೆ ಬೆಟ್ಟದಲ್ಲಿ ಬೀಡುಬಿಟ್ಟರು. ಬಿರುಗಾಳಿ, ಹಿಮಕುಸಿತಗಳ ನಡುವೆ ತಂಡ ಜೀವಹಾನಿಯನ್ನೂ ಕಂಡಿತು. ಆದರೂ ಅವರು ಹಿಂಜರಿಯಲಿಲ್ಲ.

ಅವರ ಪ್ರಸಿದ್ಧ ಪ್ರಯೋಗ ಬಹಳ ಸರಳ. ಗಾಳಿ ತೆಗೆದ ಗಾಜಿನ ಪೆಟ್ಟಿಗೆಯೊಳಗೆ ಭೂಮಿಯ ಬದಲಿಗೆ ಒಂದು ಕಾಂತಗೋಳವನ್ನಿಟ್ಟು, ಅದರತ್ತ ಎಲೆಕ್ಟ್ರಾನ್‌ಗಳನ್ನು ಹರಿಸಿದರು. ಗೋಳದ ಎರಡೂ ಧ್ರುವಗಳ ಸುತ್ತ ಹೊಳೆಯುವ ಉಂಗುರಗಳು ಮೂಡಿದವು! ಭೂಮಿಯ ಕಾಂತಕ್ಷೇತ್ರವೇ ಸೂರ್ಯನ ಕಣಗಳನ್ನು ಧ್ರುವಗಳತ್ತ ತಿರುಗಿಸುತ್ತದೆ ಎಂದು ಅವರು ತೀರ್ಮಾನಿಸಿದರು.

ವಿದ್ವಾಂಸರು ಸುಲಭವಾಗಿ ಒಪ್ಪಲಿಲ್ಲ. ಸೂರ್ಯನಿಂದ ಭೂಮಿಯಲ್ಲಿ ಕಾಂತ ಬಿರುಗಾಳಿ ಏಳುವುದು ಅಸಾಧ್ಯವೆಂದು ಲಾರ್ಡ್ ಕೆಲ್ವಿನ್‌ರಂತಹವರು 1892ರಲ್ಲೇ ಹೇಳಿದ್ದರು. ಬಿರ್ಕೆಲಾಂಡರ ವಾದದಲ್ಲೂ ಕೊರತೆಯಿತ್ತೆನ್ನಬೇಕು. ಬರೀ ಎಲೆಕ್ಟ್ರಾನ್‌ಗಳು ಒಂದನ್ನೊಂದು ವಿಕರ್ಷಿಸಿ ಚದುರಿಹೋಗುತ್ತವೆ. ಧನ, ಋಣ ಎರಡೂ ಬಗೆಯ ಕಣಗಳು ಬರುತ್ತವೆಂದು 1916ರಲ್ಲಿ ಅವರೇ ತಿದ್ದಿಕೊಂಡರು.

ಸಂಶೋಧನೆಗೆ ಹಣ ಬೇಕಿತ್ತು. 1903ರಲ್ಲಿ ಇಂಜಿನಿಯರ್ ಸ್ಯಾಮ್ ಐಡೆಯೊಂದಿಗೆ ಸೇರಿ, ಗಾಳಿಯಲ್ಲಿರುವ ಸಾರಜನಕದಿಂದ ಗೊಬ್ಬರ ತಯಾರಿಸುವ ವಿಧಾನ ಕಂಡುಹಿಡಿದರು. ಇಂದಿನ ನಾರ್ಸ್ಕ್ ಹೈಡ್ರೋ ಕಂಪೆನಿ ಹುಟ್ಟಿದ್ದು ಹಾಗೆ. ಅದರ ಆದಾಯವನ್ನು ಅವರು ಸಂಶೋಧನೆಗೇ ಸುರಿದರು.

ಕೊನೆಯ ವರ್ಷಗಳನ್ನು ಈಜಿಪ್ಟಿನಲ್ಲಿ ಕಳೆದರು. ಮರುಭೂಮಿಯ ನಿರ್ಮಲ ಆಕಾಶದಲ್ಲಿ, ಸೂರ್ಯಾಸ್ತದ ನಂತರ ಕಾಣುವ ಮಸುಕು ಬೆಳಕನ್ನು ಅಧ್ಯಯನ ಮಾಡಿದರು. ನಿದ್ರೆ ಬಾರದೆ ಔಷಧಿಗೆ ದಾಸರಾಗಿದ್ದರು. ಮಹಾಯುದ್ಧದ ಕಾಲ, ಜಪಾನಿನ ಮಾರ್ಗವಾಗಿ ಊರಿಗೆ ಹೊರಟವರು 1917ರ ಜೂನ್ 15ರಂದು ಟೋಕಿಯೋದ ಹೋಟೆಲೊಂದರಲ್ಲಿ ನಿಧನರಾದರು. ಆಗ ಅವರಿಗೆ 49 ವರ್ಷ. ನಿದ್ರೆಯ ಔಷಧಿ ಮಿತಿಮೀರಿತ್ತು.

ಅವರ ಸಿದ್ಧಾಂತ ಸುಮಾರು ಅರ್ಧ ಶತಮಾನ ಮೂಲೆಗುಂಪಾಗಿತ್ತು. 1962ರಲ್ಲಿ ಮ್ಯಾರಿನರ್-2 ನೌಕೆ ಸೌರ ಮಾರುತವನ್ನು ಅಳೆಯಿತು. ಅವರು ಊಹಿಸಿದ್ದ ವಿದ್ಯುತ್ ಪ್ರವಾಹಗಳ ಸುಳಿವೂ ಅದೇ ದಶಕದಲ್ಲಿ ಉಪಗ್ರಹಕ್ಕೆ ಸಿಕ್ಕಿತು. 1989ರ ಮಾರ್ಚ್ 13ರಂದು ಸೌರ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ಸುಮಾರು 9 ಗಂಟೆ ಕತ್ತಲಲ್ಲಿ ಮುಳುಗಿಸಿತು. ಆ ಪ್ರವಾಹಗಳನ್ನು ಈಗ ಬಿರ್ಕೆಲಾಂಡ್ ಪ್ರವಾಹಗಳೆಂದೇ ಕರೆಯುತ್ತಾರೆ.